ಹಡಗು ಕಾಯುವುದಿಲ್ಲ: ಅರಬ್ ಬಂದರುಗಳಲ್ಲಿ ಒಂದೊಂದು ಹಗಲು

ಪ್ರಶ್ನೆ: ನಾವು ಮೂರು ಮನೆಯ ಆರು ಜನ, ಒಂದೇ ಬಳಗ. ಒಂದು ಮನೆ ಗಡಹಿಂಗ್ಲಜದಲ್ಲಿ, ಒಂದು ಇಚಲಕರಂಜಿಯಲ್ಲಿ, ಒಂದು ಕೊಲ್ಹಾಪುರದಲ್ಲಿ. ಎಲ್ಲರಿಗೂ ಅರವತ್ತು ದಾಟಿದೆ. ಮಾರ್ಚ್ ಕೊನೆಗೆ ದುಬೈಯಲ್ಲಿ ಕ್ರೂಸ್ ಹಡಗು ಹತ್ತಿ ಮಸ್ಕತ್, ಸಲಾಲಾ, ಅಕಬಾ, ಸಫಾಗಾ ನೋಡಿಕೊಂಡು ಸುಯೆಜ್ ದಾಟಿ ಅಥೆನ್ಸ್‌ನಲ್ಲಿ ಇಳಿಯುವ ವಿಚಾರವಿದೆ. ಪ್ರತಿ ಬಂದರಿನಲ್ಲೂ ಊರು ತೋರಿಸಲು ಹಡಗಿನವರೇ ಟೂರ್ ಮಾರುತ್ತಾರೆ, ದರ ಮಾತ್ರ ದುಬಾರಿ. ನಾವೇ ಟ್ಯಾಕ್ಸಿ ಮಾಡಿಕೊಂಡು ಹೋದರೆ ಆಗದೆ? ನಮ್ಮ ವೈನಿಯವರು ಸೀರೆ ಬಿಟ್ಟು ಬೇರೆ ಉಡುವವರಲ್ಲ. ಎಲ್ಲರೂ ಶಾಕಾಹಾರಿಗಳು. ಅರಬ್ ದೇಶಗಳಲ್ಲಿ ಇದರಿಂದ ತೊಂದರೆ ಆದೀತೆ?
— ಓದುಗರೊಬ್ಬರು, ಗಡಹಿಂಗ್ಲಜ

ಉತ್ತರ: ದೂರದ ಜಾಗಕ್ಕೆ ಹಡಗಿನವರ ಬಸ್ಸು, ಹತ್ತಿರದ್ದಕ್ಕೆ ನಿಮ್ಮ ಕಾಲು ಇಲ್ಲವೆ ಟ್ಯಾಕ್ಸಿ. ಇದಿಷ್ಟೇ ಸೂತ್ರ. ನಿಮ್ಮ ಪಟ್ಟಿಯಲ್ಲಿ ಮಸ್ಕತ್ ಮತ್ತು ಸಲಾಲಾ ಹತ್ತಿರದವು, ಅಕಬಾ ಮತ್ತು ಸಫಾಗಾ ದೂರದವು. ಸೀರೆ, ಊಟ ಎರಡಕ್ಕೂ ದೊಡ್ಡ ತೊಡಕಿಲ್ಲ. ತೊಡಕು ಬರುವುದಿದ್ದರೆ ನೀವು ಕೇಳದೇ ಬಿಟ್ಟ ಎರಡು ಕಡೆಯಿಂದ: ಒಂದು ಗಡಿಯಾರ, ಇನ್ನೊಂದು ನಿಮ್ಮ ತಿಂಡಿ ಡಬ್ಬಿ. ಅವಕ್ಕೆ ಆಮೇಲೆ ಬರುತ್ತೇನೆ.

ಈ ಕಡಲ ದಾರಿ ನಿಮ್ಮ ಸೀಮೆಗೆ ಹೊಸದಲ್ಲ. 1870ರಲ್ಲಿ ಕೊಲ್ಹಾಪುರದ ಛತ್ರಪತಿ ರಾಜಾರಾಮ ಮಹಾರಾಜರು ಯುರೋಪಿಗೆ ಹೋದರು. ಸಮುದ್ರ ದಾಟಿ ಅಲ್ಲಿಗೆ ಹೋದ ಮೊದಲ ಹಿಂದೂ ದೊರೆಗಳಲ್ಲಿ ಅವರೂ ಒಬ್ಬರು. ಸುಯೆಜ್ ಕಾಲುವೆ ತೆರೆದು ಆಗಿನ್ನೂ ವರ್ಷ ತುಂಬಿರಲಿಲ್ಲ. ಮಹಾರಾಜರು ತಿರುಗಿ ಊರು ಕಾಣಲಿಲ್ಲ. ಬರುವ ದಾರಿಯಲ್ಲಿ ನವೆಂಬರ್ 30ರಂದು ಇಟಲಿಯ ಫ್ಲಾರೆನ್ಸ್‌ನಲ್ಲಿ ತೀರಿಕೊಂಡರು. ಆರ್ನೋ ನದಿಯ ದಂಡೆಯ ಮೇಲೆ ಅವರ ದಹನ ನಡೆಯಿತು, ಅಲ್ಲಿ ಇಂದಿಗೂ ಅವರ ಸ್ಮಾರಕವಿದೆ. ಪ್ರವಾಸದಲ್ಲಿ ಅವರು ಬರೆದಿಟ್ಟ ದಿನಚರಿ 1872ರಲ್ಲಿ ಪುಸ್ತಕವಾಗಿ ಬಂತು. 1936ರಲ್ಲಿ ಆಕ್ಸ್‌ಫರ್ಡಿಗೆ ಓದಲು ಹೋದ ವಿ. ಕೃ. ಗೋಕಾಕರೂ ಹಡಗಿನಲ್ಲೇ ಹೋದವರು. ಆ ಕಡಲಿನಿಂದ ಕನ್ನಡಕ್ಕೆ ‘ಸಮುದ್ರಗೀತೆಗಳು’ ಸಿಕ್ಕವು. ಮುಂದೆ ಅವರು ಕೊಲ್ಹಾಪುರಕ್ಕೆ ಪ್ರಾಂಶುಪಾಲರಾಗಿ ಬಂದ ಕಾಲೇಜಿನ ಹೆಸರೂ ರಾಜಾರಾಮ ಕಾಲೇಜೇ.

ಆ ಕಾಲದ ಹಡಗುಗಳು ಏಡನ್‌ನಲ್ಲಿ ನಿಂತು ಇಂಧನ ತುಂಬಿಕೊಳ್ಳುತ್ತಿದ್ದವು. ಆ ಬಿಡುವಿನಲ್ಲಿ ಪ್ರಯಾಣಿಕರು ದಂಡೆಗಿಳಿದು, ಬಂಡೆಯ ಕೊರಕಲಿನಲ್ಲಿ ಮಳೆನೀರು ಹಿಡಿಯಲು ಕಟ್ಟಿದ ಹಳೆಯ ಕೆರೆತೊಟ್ಟಿಗಳನ್ನು ನೋಡಿ ಬರುತ್ತಿದ್ದರು. ಏಡನ್ 1932ರವರೆಗೂ ಮುಂಬೈ ಸರ್ಕಾರದ ಆಡಳಿತದಲ್ಲೇ ಇತ್ತು. ಇಂದು ಯೆಮನ್‌ನ ಯುದ್ಧದಿಂದಾಗಿ ಪ್ರವಾಸಿ ಹಡಗುಗಳು ಅತ್ತ ಸುಳಿಯುವುದಿಲ್ಲ. ಈ ಮಾತಿನಿಂದಲೇ ನಿಮ್ಮ ಮೊದಲ ಎಚ್ಚರಿಕೆ ಶುರುವಾಗುತ್ತದೆ.

ಮೊದಲು ಮಾರ್ಗ ಗಟ್ಟಿಯೇ ಕೇಳಿ

2023ರ ನವೆಂಬರಿನಲ್ಲಿ ಕೆಂಪು ಸಮುದ್ರದಲ್ಲಿ ಯೆಮನ್‌ನ ಹೂತಿ ಬಂಡುಕೋರರು ಹಡಗುಗಳ ಮೇಲೆ ಕೈಮಾಡಲು ಶುರುಮಾಡಿದ ಮೇಲೆ ಹಲವು ಕ್ರೂಸ್ ಕಂಪನಿಗಳು ಸುಯೆಜ್ ದಾರಿ ಕೈಬಿಟ್ಟು ಆಫ್ರಿಕಾ ಸುತ್ತಿ ಹೋದವು. ಕೆಲವು ಆ ಪ್ರಯಾಣಗಳನ್ನೇ ರದ್ದು ಮಾಡಿದವು. ಕೊಲ್ಲಿಯ ಸುತ್ತ ಯುದ್ಧದ ಸುದ್ದಿ ಬಂದಾಗಲೆಲ್ಲ ಹೀಗೆ ಮಾರ್ಗ ಬದಲಾಗುತ್ತದೆ. ಟಿಕೆಟ್ಟಿನ ಕರಾರಿನಲ್ಲಿ ಯಾವ ಬಂದರನ್ನಾದರೂ ಬಿಡುವ ಹಕ್ಕನ್ನು ಕಂಪನಿ ಸಾಮಾನ್ಯವಾಗಿ ತನ್ನ ಬಳಿಯೇ ಇಟ್ಟುಕೊಂಡಿರುತ್ತದೆ. ಬಂದರು ತಪ್ಪಿದರೆ ಹಡಗಿನವರ ಟೂರಿನ ಹಣ ವಾಪಸು ಬರುತ್ತದೆ. ನೀವೇ ಬೇರೆ ಏಜೆಂಟರಿಗೆ ಮುಂಗಡ ಕೊಟ್ಟಿದ್ದರೆ ಅದು ಬರುವುದು ಅವರ ಷರತ್ತಿನ ಮೇಲೆ. ಹಾಗಾಗಿ ಹೊರಗಿನವರಿಗೆ ಪೂರ್ತಿ ಹಣ ಮೊದಲೇ ಕೊಡಬೇಡಿ.

ವೀಸಾ ವಿಷಯ ಕಂಪನಿಯಿಂದ ಬರವಣಿಗೆಯಲ್ಲೇ ತರಿಸಿಕೊಳ್ಳಿ. ಹಡಗಿನಲ್ಲಿರುವ ಐರೋಪ್ಯರಿಗೆ ಬೇಡದ ವೀಸಾ ಭಾರತೀಯ ಪಾಸ್‌ಪೋರ್ಟಿಗೆ ಬೇಕಾಗಬಹುದು. ನೀವು ದಂಡೆಗೆ ಇಳಿಯದೆ ಹಡಗಿನಲ್ಲೇ ಕುಳಿತರೂ ಕೆಲವೊಮ್ಮೆ ಬೇಕಾಗುತ್ತದೆ. ಅಥೆನ್ಸ್‌ನಲ್ಲಿ ಇಳಿಯಲು ಷೆಂಗೆನ್ ವೀಸಾ ಬೇಕೇ ಬೇಕು. ಅದನ್ನು ಮೊದಲು ಮಾಡಿಸಿಕೊಳ್ಳಿ, ಏಕೆಂದರೆ ಅದು ಕೈಯಲ್ಲಿರುವ ಭಾರತೀಯರಿಗೆ ಕೆಲವು ಅರಬ್ ದೇಶಗಳು ನಿಯಮ ಸಡಿಲಿಸುತ್ತವೆ. ಒಂದು ವೇಳೆ ಕೆಂಪು ಸಮುದ್ರದ ದಾರಿ ರದ್ದಾಗಿ, ದುಬೈಯಿಂದ ಹೊರಟು ಒಮಾನ್ ಮುಟ್ಟಿ ದುಬೈಗೇ ಮರಳುವ ಚಳಿಗಾಲದ ಹಡಗು ಹಿಡಿದಿರಿ ಎನ್ನಿ. ಆಗ ದುಬೈಗೆ ಒಮ್ಮೆ ಮಾತ್ರ ಪ್ರವೇಶ ಕೊಡುವ ವೀಸಾ ಸಾಲದು, ಹಲವು ಸಲ ಪ್ರವೇಶಿಸುವ ವೀಸಾ ಬೇಕು.

ಗಡಿಯಾರದ ಲೆಕ್ಕ

ಹಡಗು ಬೆಳಗ್ಗೆ 8ರಿಂದ ಸಂಜೆ 6ರವರೆಗೆ ಬಂದರಿನಲ್ಲಿರುತ್ತದೆ ಎಂದು ಕಾಗದದಲ್ಲಿ ಬರೆದಿದ್ದರೆ ನಿಮಗೆ ಹತ್ತು ಗಂಟೆ ಸಿಕ್ಕಿತೆಂದು ತಿಳಿಯಬೇಡಿ. ಬಂದರಿನ ಅಧಿಕಾರಿಗಳು ಕಾಗದಪತ್ರ ನೋಡಿ ಒಪ್ಪಿಗೆ ಕೊಡುವವರೆಗೆ ಯಾರೂ ಇಳಿಯುವಂತಿಲ್ಲ. ಹೊರಡುವ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲೇ ಎಲ್ಲರೂ ಒಳಗಿರಬೇಕು. ಹೆಚ್ಚಿನ ಬಂದರುಗಳಲ್ಲಿ ಹಡಗಿನಿಂದ ಗೇಟಿನವರೆಗೆ ನಡೆದು ಹೋಗಲು ಬಿಡುವುದಿಲ್ಲ, ಶಟಲ್ ಬಸ್ಸಿಗೆ ಕಾಯಬೇಕು. ಇದೆಲ್ಲ ಕಳೆದರೆ ಏಳು ಗಂಟೆ ಉಳಿದರೆ ಪುಣ್ಯ.

ಹಡಗಿನವರ ಟೂರಿಗೆ ಹೆಚ್ಚು ಹಣ ಕೊಡುವುದು ಈ ಕಾರಣಕ್ಕೇ. ಅವರ ಬಸ್ಸು ದಾರಿಯಲ್ಲಿ ಕೆಟ್ಟು ತಡವಾದರೆ ಹಡಗು ಕಾಯುತ್ತದೆ, ಕಾಯಲಾಗದಿದ್ದರೆ ಮುಂದಿನ ಬಂದರಿಗೆ ತಲುಪಿಸುವ ಹೊಣೆ ಅವರದು. ನಿಮ್ಮ ಟ್ಯಾಕ್ಸಿ ಕೆಟ್ಟರೆ ಹಡಗು ಹೊರಟೇ ಹೋಗುತ್ತದೆ. ಮುಂದಿನ ದೇಶಕ್ಕೆ ವಿಮಾನ, ವೀಸಾ, ಹೋಟೆಲು ಎಲ್ಲವೂ ನಿಮ್ಮ ತಲೆಯ ಮೇಲೆ. ಅಕಬಾದಿಂದ ಪೆಟ್ರಾಕ್ಕೆ ಸ್ವಂತ ಟ್ಯಾಕ್ಸಿಯಲ್ಲಿ ಹೋದರೆ ಹಣ ಉಳಿಯುತ್ತದೆ, ನಿಜ. ಆದರೆ ಆರು ಜನರ ಎದೆ ಇಡೀ ದಿನ ಡವಗುಟ್ಟುತ್ತಿರುತ್ತದೆ.

ಇನ್ನೊಂದು ಸೂಕ್ಷ್ಮ: ಹಡಗು ತನ್ನದೇ ಸಮಯದಲ್ಲಿ ನಡೆಯುತ್ತದೆ, ಅದು ದಂಡೆಯ ಸಮಯವೇ ಆಗಿರಬೇಕೆಂದಿಲ್ಲ. ದುಬೈ, ಒಮಾನ್ ನಮಗಿಂತ ಒಂದೂವರೆ ಗಂಟೆ ಹಿಂದೆ. ಜೋರ್ಡಾನ್ ಎರಡೂವರೆ ಗಂಟೆ ಹಿಂದೆ. ಈಜಿಪ್ಟ್ ಮಾರ್ಚ್ ಕೊನೆಯಲ್ಲಿ ಮೂರೂವರೆ ಗಂಟೆ ಹಿಂದೆ. ಏಪ್ರಿಲ್ ಕೊನೆಯ ಶುಕ್ರವಾರದಿಂದ ಅವರ ಬೇಸಿಗೆ ಸಮಯ ಶುರುವಾಗಿ ಅದೂ ಎರಡೂವರೆ ಗಂಟೆಗೆ ಬರುತ್ತದೆ. ಅಕಬಾ ಬಂದರಿನ ಎದುರು ದಂಡೆಯಲ್ಲೇ ಈಜಿಪ್ಟಿನ ತಾಬಾ ಇದೆ. ನಿಮ್ಮ ಫೋನು ಆಚೆಯ ಟವರ್ ಹಿಡಿದರೆ ಗಂಟೆ ತಾನಾಗಿ ಒಂದು ಹಿಂದಕ್ಕೆ ಸರಿದುಬಿಡುತ್ತದೆ. ಅದಕ್ಕೇ ಹೇಳುವುದು, ಒಬ್ಬರ ಕೈಯಲ್ಲಾದರೂ ಕೀಲಿ ಕೊಡುವ ಇಲ್ಲವೆ ಸೆಲ್ಲಿನ ಗಡಿಯಾರ ಇರಲಿ. ಅದನ್ನು ಹಡಗಿನ ಸಮಯಕ್ಕೆ ಹೊಂದಿಸಿ, ಆ ಒಂದನ್ನೇ ನಂಬಿ.

ಬಂದರು ಬಂದರಿಗೆ

ದುಬೈ: ಹಡಗು ಹೊರಡುವ ಮುನ್ನ ಒಂದು ದಿನ ಸಿಕ್ಕರೆ ಎತ್ತರದ ಕಟ್ಟಡಗಳಿಗಿಂತ ಮೊದಲು ಹಳೆಯ ಖಾರಿಯ ದಂಡೆಗೆ ಹೋಗಿ. ಬರ್ ದುಬೈಯಿಂದ ಡೇರಾಕ್ಕೆ ‘ಅಬ್ರಾ’ ಎಂಬ ಕಟ್ಟಿಗೆಯ ದೋಣಿ ಒಂದೇ ದಿರ್ಹಾಮಿಗೆ ದಾಟಿಸುತ್ತದೆ. ಆಚೆ ಇಳಿದರೆ ಮಸಾಲೆ ಪೇಟೆ, ಚಿನ್ನದ ಪೇಟೆ. ಕರಾಮಾ, ಬರ್ ದುಬೈ ಭಾಗದಲ್ಲಿ ಉಡುಪಿ ಊಟಕ್ಕೆ ಕೊರತೆಯಿಲ್ಲ. ಅಬುಧಾಬಿಯ ಬಾಪ್ಸ್ ಮಂದಿರ 2024ರ ಫೆಬ್ರವರಿ 14ರಂದು ಉದ್ಘಾಟನೆಯಾಯಿತು. ಅದು ದುಬೈಯಿಂದ ರಸ್ತೆಯಲ್ಲಿ ಹೋಗಿಬರುವ ದೂರದಲ್ಲಿದೆ. ಸೋಮವಾರ ಮುಚ್ಚಿರುತ್ತದೆ.

ಮಸ್ಕತ್: ಹಡಗು ನಿಲ್ಲುವುದು ಮತ್ರಾ ಪೇಟೆಯ ಮುಂದೆಯೇ. ಶಟಲ್ ಬಸ್ಸು ಗೇಟಿಗೆ ಬಿಟ್ಟರೆ ಕಡಲಂಚಿನ ರಸ್ತೆಯಲ್ಲಿ ನಡೆದೇ ಮತ್ರಾ ಸೂಕ್ (ಬಜಾರು) ಸೇರಬಹುದು. ಇಲ್ಲಿ ಹಡಗಿನವರ ಟೂರ್ ಬೇಡವೇ ಬೇಡ. ಕಛ್‌ನ ಭಾಟಿಯಾ ವ್ಯಾಪಾರಿಗಳು ತಲೆಮಾರುಗಳ ಹಿಂದೆ ಬಂದು ನೆಲೆಸಿದ ಊರು ಇದು. ಹಳೆ ಮಸ್ಕತ್‌ನಲ್ಲಿ ಅರಮನೆಯ ಹತ್ತಿರವೇ ಶಿವನ ಗುಡಿಯಿದೆ, ದರ್ಸೈತ್‌ನಲ್ಲಿ ಕೃಷ್ಣನ ಗುಡಿಯಿದೆ. ನಮ್ಮ ರೂಪಾಯಿ ಇಲ್ಲಿ ಬಹುಕಾಲ ಚಲಾವಣೆಯಲ್ಲಿತ್ತು. 1959ರಲ್ಲಿ ರಿಸರ್ವ್ ಬ್ಯಾಂಕು ಕೊಲ್ಲಿ ದೇಶಗಳಿಗೆಂದೇ ಬೇರೆ ನೋಟು ಅಚ್ಚು ಹಾಕಿತು, ಅದನ್ನು ಕೊನೆಗೆ ಬಿಟ್ಟದ್ದು 1970ರಲ್ಲಿ ಒಮಾನ್. ಇಚಲಕರಂಜಿಯವರು ಸೂಕ್‌ನ ಬಟ್ಟೆ ಅಂಗಡಿಗಳಲ್ಲಿ ಹೊತ್ತು ಮರೆಯುವ ಸಂಭವವಿದೆ, ಮೊದಲೇ ಹೇಳಿಡಿ. ಮಧ್ಯಾಹ್ನ ಸೂಕ್ ಮುಚ್ಚಿ ಸಂಜೆ 4ರ ಸುಮಾರಿಗೆ ತೆರೆಯುತ್ತದೆ.

ಸುಲ್ತಾನ್ ಕಾಬೂಸ್ ದೊಡ್ಡ ಮಸೀದಿ ನೋಡಲೇಬೇಕಾದದ್ದು. 2001ರಲ್ಲಿ ತೆರೆದ ಈ ಕಟ್ಟಡದ ಮರಳುಗಲ್ಲು ಭಾರತದಿಂದ ಹೋದದ್ದು. ಒಳಗಿನ ಪ್ರಾರ್ಥನಾ ಜಮಖಾನೆ 21 ಟನ್ ತೂಗುತ್ತದೆ. ಮುಸ್ಲಿಮೇತರರಿಗೆ ಶನಿವಾರದಿಂದ ಗುರುವಾರದವರೆಗೆ, ಬೆಳಗ್ಗೆ 8ರಿಂದ 11ರವರೆಗೆ ಮಾತ್ರ ಪ್ರವೇಶ. ಶುಕ್ರವಾರ ಇಲ್ಲ. ಮತ್ರಾದಿಂದ ಟ್ಯಾಕ್ಸಿಯಲ್ಲಿ ಅರ್ಧ ಗಂಟೆ ಹಿಡಿದುಕೊಳ್ಳಿ. ಆದ್ದರಿಂದ ಇಳಿದ ಕೂಡಲೆ ಮೊದಲು ಮಸೀದಿ, ಬಂದ ಮೇಲೆ ಸೂಕ್. ಈ ಅನುಕ್ರಮ ತಿರುವುಮುರುವಾದರೆ ಮಸೀದಿ ಕೈತಪ್ಪಿತು.

ಸಲಾಲಾ: ಜಾಹೀರಾತಿನಲ್ಲಿ ಹಸಿರು ಗುಡ್ಡ, ಧುಮುಕುವ ನೀರು ಕಾಣುತ್ತದೆ. ಆ ಹಸಿರು ಜೂನ್ ಕೊನೆಯಿಂದ ಸೆಪ್ಟೆಂಬರಿನವರೆಗೆ, ನಮ್ಮ ಮುಂಗಾರಿನ ಗಾಳಿಯೇ ಅಲ್ಲಿಗೂ ಮುಟ್ಟಿದಾಗ. ನೀವು ಹೋಗುವ ಹೊತ್ತಿಗೆ ಗುಡ್ಡಗಳು ಬೋಳು. ತೆಂಗು, ಬಾಳೆ ಮಾತ್ರ ಊರಿನೊಳಗೆ ಸಿಗುತ್ತವೆ. ಬೋಳು ಗುಡ್ಡದಲ್ಲೂ ನೋಡತಕ್ಕದ್ದು ಲೋಬಾನದ ಗಿಡ. ಆಳೆತ್ತರಕ್ಕೂ ಮೀರಿ ಬೆಳೆಯುವ ಮುರುಟು ಗಿಡ. ತೊಗಟೆಯನ್ನು ಚಿಕ್ಕ ಬಾಚಿಯಿಂದ ಒಂದಿಷ್ಟು ಕೆತ್ತುತ್ತಾರೆ, ಹಾಲಿನಂಥ ಬಿಳಿ ಹನಿ ಜಿನುಗುತ್ತದೆ. ಅದು ಬಿಸಿಲಿಗೆ ಗಟ್ಟಿಯಾಗಲು ಎರಡು ವಾರದಷ್ಟು ಬಿಟ್ಟು ಆಮೇಲೆ ಕೆರೆದು ತೆಗೆಯುತ್ತಾರೆ. ಈ ವ್ಯಾಪಾರದ ಹಳೆಯ ಬಂದರುಗಳಾದ ಸುಮ್ಹುರಮ್ ಮತ್ತು ಅಲ್ ಬಲೀದ್ 2000ದಿಂದ ಯುನೆಸ್ಕೊ ಪಟ್ಟಿಯಲ್ಲಿವೆ. ಸೂಕ್‌ನಲ್ಲಿ ಹಸಿರು ಛಾಯೆಯ ‘ಹೊಜರಿ’ ಎಲ್ಲಕ್ಕಿಂತ ಮೇಲಿನ ದರ್ಜೆ. ಮನೆಯ ಜಗುಲಿಗೆ ಒಂದು ಪಾವು ಕೊಂಡರೆ ಸಾಕು. ಇಲ್ಲಿ ಬಂದರು ಊರಿನಿಂದ ಹೊರಗಿದೆ. ಆರು ಜನಕ್ಕೆ ಒಂದು ದೊಡ್ಡ ಗಾಡಿ ಗೊತ್ತುಮಾಡಿ, ಎಲ್ಲೆಲ್ಲಿಗೆ, ಎಷ್ಟು ಹೊತ್ತು, ಎಷ್ಟು ರಿಯಾಲ್ ಎಂದು ಹತ್ತುವ ಮೊದಲೇ ಮಾತಾಡಿಕೊಳ್ಳಿ. ಒಂದು ಒಮಾನಿ ರಿಯಾಲ್ ಎಂದರೆ ಸುಮಾರು 2.6 ಡಾಲರ್. ಐದೇ ರಿಯಾಲ್ ಎಂದು ಉದಾರವಾಗಿ ಕೈಬಿಚ್ಚಬೇಡಿ.

ಅಕಬಾ: ಪೆಟ್ರಾ ಇಲ್ಲಿಂದ ಬಸ್ಸಿಗೆ ಎರಡು ಗಂಟೆ. ಹೋಗಿಬರಲು ನಾಲ್ಕು ಗಂಟೆ ಕಳೆದರೆ ಅಲ್ಲಿ ಉಳಿಯುವುದು ಮೂರೋ ನಾಲ್ಕೋ. ಇಳಿದ ಜಾಗದಿಂದ ಮೊದಲು ಬಯಲಿನಲ್ಲಿ ನಡಿಗೆ, ಆಮೇಲೆ ‘ಸೀಕ್’ ಎಂಬ ಬಂಡೆಯ ಸೀಳಿನೊಳಗೆ 1.2 ಕಿ.ಮೀ. ಕೆಲವೆಡೆ ಎರಡು ಬಂಡೆಗಳ ನಡುವೆ ಮೂರೇ ಮೀಟರ್ ಅಂತರ, ಮೇಲೆ ಆಕಾಶ ಒಂದು ಪಟ್ಟಿ. ಎರಡೂ ಕಡೆ ಗೋಡೆಯಲ್ಲಿ ಕೈಯೆತ್ತರಕ್ಕೆ ಕಾಲುವೆ ಕೊರೆದಿರುವುದನ್ನು ಗಮನಿಸಿ. ನಬಾತಿಯರು ಎರಡು ಸಾವಿರ ವರ್ಷದ ಹಿಂದೆ ಮರುಭೂಮಿಯಲ್ಲಿ ಊರು ಕಟ್ಟಿ ಬಾಳಿದ್ದು ಈ ನೀರಿನ ಲೆಕ್ಕದಿಂದ. ಸೀಳು ಮುಗಿಯುವಲ್ಲಿ ಬಂಡೆಯಲ್ಲೇ ಕೆತ್ತಿದ 40 ಮೀಟರ್ ಎತ್ತರದ ‘ಖಜಾನೆ’ ಎದುರಾಗುತ್ತದೆ. ಅಲ್ಲಿಂದ ಇನ್ನೊಂದಿಷ್ಟು ಮುಂದೆ ಹೋಗಿ ತಿರುಗಿ. ಗುಡ್ಡದ ಮೇಲಿನ ‘ಮಠ’ಕ್ಕೆ ಎಂಟುನೂರಕ್ಕೂ ಹೆಚ್ಚು ಮೆಟ್ಟಿಲಿವೆ, ಹಡಗಿನಿಂದ ಬಂದವರಿಗೆ ಅದರ ಆಸೆ ಬೇಡ. ಬರುವಾಗ ದಾರಿ ಏರು. ಮಂಡಿನೋವಿನವರಿಗೆ ಬ್ಯಾಟರಿ ಗಾಡಿ ಸಿಗುತ್ತದೆ, ಅದಕ್ಕೆ ಬೇರೆ ದುಡ್ಡು. ಕೊಲ್ಹಾಪುರಿ ಚಪ್ಪಲಿ ಮೆಟ್ಟಿಕೊಂಡು ಹೋಗಬೇಡಿ. ನುಣುಪಾದ ಕಲ್ಲು, ಮರಳು ಎರಡಕ್ಕೂ ಅದು ಒಗ್ಗದು, ಬೂಟು ಬೇಕು.

ನಿಮ್ಮಲ್ಲಿ ಇಬ್ಬರಿಗೆ ನಾಲ್ಕು ಕಿಲೊಮೀಟರ್ ನಡೆಯಲು ಆಗದು ಎಂದಾದರೆ ಅವರಿಗೆ ವಾದಿ ರಮ್ ಒಳ್ಳೆಯದು. ಅಕಬಾದಿಂದ ಒಂದು ಗಂಟೆ, ಕೆಂಪು ಮರಳಿನ ನಡುವೆ ಜೀಪಿನಲ್ಲೇ ಕುಳಿತು ಸುತ್ತಬಹುದು. ಎಲ್ಲರೂ ಒಂದೇ ಕಡೆ ಹೋಗಬೇಕೆಂಬ ಹಟ ಬಿಡಿ.

ಸಫಾಗಾ: ಇಲ್ಲಿಂದ ಲಕ್ಸರ್ ಹೆಚ್ಚುಕಡಿಮೆ ಕೊಲ್ಹಾಪುರದಿಂದ ಪುಣೆಯಷ್ಟು ದೂರ. ಒಂದೇ ದಿನದಲ್ಲಿ ಹೋಗಿಬರುವುದೆಂದರೆ ಬಸ್ಸಿನಲ್ಲೇ ಏಳೆಂಟು ಗಂಟೆ. ಆದರೂ ಹೋಗಿ. ಕಾರ್ನಾಕ್ ಗುಡಿಯ ದೊಡ್ಡ ಸಭಾಮಂಟಪದ 134 ಕಂಬಗಳು, ನೈಲ್ ಆಚೆ ದಂಡೆಯ ರಾಜರ ಕಣಿವೆ, 1922ರಲ್ಲಿ ಹೊವರ್ಡ್ ಕಾರ್ಟರ್ ಪತ್ತೆಮಾಡಿದ ತುತಂಖಾಮುನ್‌ನ ಗೋರಿ, ಇವಕ್ಕಾಗಿ ಬೆನ್ನುನೋವು ಸಹಿಸಬಹುದು. ಇಲ್ಲಿ ಮಾತ್ರ ಸ್ವಂತ ಗಾಡಿಯ ಮಾತೇ ಬೇಡ. ಹಡಗು ರಾತ್ರಿ ತಂಗುವ ವೇಳಾಪಟ್ಟಿ ಇದ್ದರೆ ಲಕ್ಸರಿನಲ್ಲಿ ಒಂದು ರಾತ್ರಿ ಉಳಿಯುವ ಟೂರನ್ನೇ ಆರಿಸಿ. ತುತಂಖಾಮುನ್‌ನ ಗೋರಿಯ ಒಡವೆ ವಸ್ತುಗಳು ಈಗ ಗಿಜಾದ ಹೊಸ ವಸ್ತುಸಂಗ್ರಹಾಲಯದಲ್ಲಿವೆ. ಅದು 2025ರ ನವೆಂಬರ್ 1ರಂದು ಉದ್ಘಾಟನೆಯಾಯಿತು. ನಿಮ್ಮ ಹಡಗು ಸೊಖ್ನಾ ಬಂದರನ್ನೂ ಮುಟ್ಟುವುದಿದ್ದರೆ ಅಲ್ಲಿಂದ ಕೈರೊ ಎರಡು ಗಂಟೆ. ಪಿರಮಿಡ್ಡಿನ ಬಳಿ ಒಂಟೆ ಹತ್ತಿಸುವವರಿದ್ದಾರೆ. ಹತ್ತಲು ಎಷ್ಟು ಎಂದು ಕೇಳಿದರೆ ಸಾಲದು, ಇಳಿಸಲು ಎಷ್ಟು ಎಂದೂ ಕೇಳಿಕೊಳ್ಳಿ. ಬಕ್ಷೀಸಿಗೆಂದು ಚಿಲ್ಲರೆ ಬೇರೆ ಇಟ್ಟುಕೊಳ್ಳಿ.

ಸುಯೆಜ್ ಕಾಲುವೆಯಲ್ಲಿ ಇಳಿಯುವುದಿಲ್ಲ, ಆದರೆ ಅಂದು ಮಲಗಬೇಡಿ. 193 ಕಿ.ಮೀ. ಕಾಲುವೆ ದಾಟಲು ಹಗಲಿಡೀ ಬೇಕು. ಮೆಡಿಟರೇನಿಯನ್ ಕಡೆಗೆ ಹೋಗುವಾಗ ಎಡಕ್ಕೆ ಈಜಿಪ್ಟಿನ ಊರು, ಹೊಲ, ಖರ್ಜೂರ. ಬಲಕ್ಕೆ ಸಿನಾಯಿಯ ಮರಳು.

ಸೀರೆ, ಊಟ, ತಿಂಡಿ ಡಬ್ಬಿ

ಸೀರೆ ಉಟ್ಟ ಹೆಂಗಸರು ಈ ಊರುಗಳಿಗೆ ಹೊಸಬರಲ್ಲ. ದುಬೈ, ಮಸ್ಕತ್ ಬೀದಿಯಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಮಸೀದಿಗೆ ಮಾತ್ರ ತೋಳು, ಸೊಂಟ, ತಲೆ ಮುಚ್ಚಿರಬೇಕು. ವೈನಿಯವರಿಗೆ ಮಣಿಕಟ್ಟಿನವರೆಗೆ ತೋಳಿರುವ ಉದ್ದ ಕುಪ್ಪಸ ಒಂದೆರಡು ಹೊಲಿಸಿ, ಮೈಮೇಲೆ ಹೊದೆಯಲು ದೊಡ್ಡ ಶಾಲು ಕೊಡಿ. ಗಂಡಸರೂ ಚಡ್ಡಿಯಲ್ಲಿ ಹೋಗುವಂತಿಲ್ಲ. ಅರಮನೆ, ಸೇನೆ, ಬಂದರಿನ ಕಟ್ಟಡಗಳ ಫೋಟೊ ತೆಗೆಯಬೇಡಿ. ಹೆಂಗಸರ ಫೋಟೊವಂತೂ ಕೇಳದೆ ತೆಗೆಯಲೇಬೇಡಿ.

ಶಾಕಾಹಾರಿಗಳಿಗೆ ಅರಬ್ ಅಡುಗೆಯಲ್ಲಿ ಸಾಕಷ್ಟಿದೆ: ಕಡಲೆಯ ಹಮ್ಮಸ್, ಫಲಾಫೆಲ್, ಈಜಿಪ್ಟಿನ ಅವರೆಜಾತಿಯ ಕಾಳಿನ ಫೂಲ್, ಅನ್ನ, ಮಸೂರು, ಕಡಲೆ, ಹುರಿದ ಉಳ್ಳಾಗಡ್ಡಿ ಕಲಸಿದ ಕೊಶರಿ. ಉಳ್ಳಾಗಡ್ಡಿ, ಬಳ್ಳುಳ್ಳಿ ತಿನ್ನದವರಿದ್ದರೆ ಹಡಗಿಗೆ ಟಿಕೆಟ್ ಮಾಡುವಾಗಲೇ ತಿಳಿಸಿ. ರಮ್ಜಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. 2027ರಲ್ಲಿ ಅದು ಮಾರ್ಚ್ ಎರಡನೇ ವಾರದ ಹೊತ್ತಿಗೆ ಮುಗಿಯುತ್ತದೆ, ನಿಮಗೆ ಅಡ್ಡಿಯಿಲ್ಲ. ಫೆಬ್ರವರಿಯಲ್ಲಿ ಹೋಗುವವರು ಹಗಲು ಬೀದಿಯಲ್ಲಿ ನೀರು ಕುಡಿಯುವಾಗಲೂ ಮರೆ ಹುಡುಕುವುದು ಲೇಸು.

ಈಗ ತಿಂಡಿ ಡಬ್ಬಿ. ಗಸಗಸೆ ದುಬೈ ಸೇರಿ ಇಡೀ ಎಮಿರೇಟ್ಸ್‌ನಲ್ಲಿ ಮಾದಕ ವಸ್ತುವಿನ ಲೆಕ್ಕ, ತಂದವರಿಗೆ ಜೈಲು. ಅಡುಗೆಗೆ ತಂದೆವು ಎಂಬ ಮಾತು ಅಲ್ಲಿ ನಡೆಯದು. ನಿಮ್ಮ ಕಡೆಯ ಕಾಂದಾ ಲಸೂಣ ಮಸಾಲೆಗೆ ಗಸಗಸೆ ಹಾಕುವ ರೂಢಿಯಿದೆ. ಅಂಟಿನ ಉಂಡೆಗೆ ಹಾಕುತ್ತಾರೆ, ಕರದಂಟಿಗೂ ಹಾಕುವುದುಂಟು. ಈ ಮೂರನ್ನೂ ಮನೆಯಲ್ಲೇ ಬಿಡಿ. ಭಡಂಗ, ಶೇಂಗಾ ಚಟ್ನಿ, ಶೇಂಗಾ ಹೋಳಿಗೆ ಒಯ್ಯಬಹುದು. ಆದರೆ ಅಂಗಡಿಯ ಪ್ಯಾಕೆಟ್ಟಾದರೆ ಹಿಂದಿನ ಪಟ್ಟಿ ಓದಿ, ಮನೆಯಲ್ಲಿ ಮಾಡಿದ್ದಾದರೆ ಮಾಡಿದವರನ್ನೇ ಕೇಳಿ. ಎಲೆ ಅಡಿಕೆ, ಗುಟ್ಕಾ ಕೂಡ ಬೇಡ. ಔಷಧಿಯಲ್ಲಿ ಟ್ರಮಡಾಲ್ ಇರುವ ನೋವಿನ ಗುಳಿಗೆ, ಕೊಡೀನ್ ಇರುವ ಕೆಮ್ಮಿನ ಸಿರಪ್ಪಿಗೆ ಅಲ್ಲಿನ ಆರೋಗ್ಯ ಇಲಾಖೆಯ ಅನುಮತಿಯನ್ನು ಮೊದಲೇ ಆನ್‌ಲೈನಿನಲ್ಲಿ ಪಡೆಯಬೇಕು. ಮಂಡಿನೋವಿಗೆ ಏನು ನುಂಗುತ್ತಿದ್ದೀರಿ ಎಂದು ಡಾಕ್ಟರರಿಗೆ ತೋರಿಸಿ, ಬೇರೆ ಗುಳಿಗೆ ಬರೆಸಿಕೊಳ್ಳಬಹುದೇ ಕೇಳಿ. ಉಳಿದ ಔಷಧಿಗೆ ಚೀಟಿಯ ಪ್ರತಿ ಜೊತೆಗಿರಲಿ.

ಫೋನಿನ ಬಗ್ಗೆ ಎರಡು ಮಾತು. ಕಡಲ ಮೇಲೆ ಹಡಗಿನ ನೆಟ್‌ವರ್ಕ್ ಹಿಡಿದರೆ ಬಿಲ್ಲು ನೋಡಿ ಬೆವರುತ್ತೀರಿ, ಫೋನನ್ನು ಏರೋಪ್ಲೇನ್ ಮೋಡಿನಲ್ಲಿಡಿ. ದುಬೈಯಲ್ಲಿ ವಾಟ್ಸ್‌ಆಪ್ ಸಂದೇಶ ಹೋಗುತ್ತದೆ, ಕರೆ ಹೋಗುವುದಿಲ್ಲ. ಊರಿನಲ್ಲಿ ಮಕ್ಕಳು ಗಾಬರಿಯಾಗದಂತೆ ಮೊದಲೇ ಹೇಳಿ ಹೊರಡಿ.

ಒಟ್ಟಿನಲ್ಲಿ ನಿಮ್ಮ ಖರ್ಚಿನ ಹಂಚಿಕೆ ಹೀಗಿರಲಿ: ಹಡಗಿನವರ ಟೂರಿಗೆ ಅಕಬಾ, ಸಫಾಗಾ ಎರಡೇ. ದುಬೈ, ಮಸ್ಕತ್, ಸಲಾಲಾದಲ್ಲಿ ಉಳಿದ ಹಣದಿಂದ ಪ್ರವಾಸ ವಿಮೆ ಕೊಳ್ಳಿ. ಅರವತ್ತು ದಾಟಿದವರಿಗೆ ಕಡಲ ಮಧ್ಯದಿಂದ ಆಸ್ಪತ್ರೆಗೆ ಸಾಗಿಸುವ ವೆಚ್ಚವೂ ಹಡಗು ತಪ್ಪಿದ ವೆಚ್ಚವೂ ಅದರಲ್ಲಿ ಸೇರಿದೆಯೇ ನೋಡಿಕೊಳ್ಳಿ. ಹಡಗಿನ ಟಿಕೆಟ್ಟಿಗೆ ಮುಂಗಡ ಕಟ್ಟುವ ಮುಂಚೆ ಆರೂ ಜನರ ಪಾಸ್‌ಪೋರ್ಟ್ ತೆಗೆದು ನೋಡಿ: ಅಥೆನ್ಸ್‌ನಲ್ಲಿ ಇಳಿದ ದಿನದಿಂದ ಮುಂದೆ ಆರು ತಿಂಗಳಾದರೂ ಅವಧಿ ಇರಬೇಕು, ಖಾಲಿ ಪುಟಗಳೂ ಇರಬೇಕು. ಇಲ್ಲದವರು ಈ ವಾರವೇ ಅರ್ಜಿ ಹಾಕಲಿ.